ಊರಿನ ಹೆಸರು ಹಿಡಿದು ಗ್ರೀಕ್ ಅಕ್ಷರಗಳ ಜಾಡು ಹುಡುಕುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬೆಳೆಯುವ ಮಕ್ಕಳ ಕಣ್ಣಿಗೆ ಕನ್ನಡ, ಇಂಗ್ಲಿಷ್, ಉರ್ದು ಲಿಪಿಗಳು ನಿತ್ಯವೂ ಬೀಳುತ್ತವೆ. ಇಂಗ್ಲಿಷ್ ಅಕ್ಷರಗಳನ್ನು ರೋಮನರು ಇಟಲಿಯಲ್ಲಿ ತಮ್ಮ ನೆರೆಯವರಾಗಿದ್ದ ಎಟ್ರುಸ್ಕನ್ನರಿಂದ, ಎಟ್ರುಸ್ಕನ್ನರು ಗ್ರೀಕರಿಂದ, ಗ್ರೀಕರು ಇಂದಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರಿಂದ ಪಡೆದರೆಂದು ಶಾಲೆಯಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಆರಂಭದಲ್ಲಿ ಗ್ರೀಕರೆಲ್ಲರಿಗೂ ಸಾಮಾನ್ಯವಾದ ಒಂದೇ ಅಕ್ಷರಮಾಲೆ ಇರಲಿಲ್ಲ; ಸೀಮೆಗೊಂದು ಬಗೆಯ ಬರವಣಿಗೆ ಇತ್ತು, ಮತ್ತು ಯಾವ ಸೀಮೆಯವರು ಯಾವ ದಡಕ್ಕೆ ಹೋಗಿ ನೆಲೆಸಿದರೋ ಆ ದಡದ ಮುಂದಿನ ಲಿಪಿಗಳು ಅವರ ರೂಢಿಯನ್ನೇ ಹೊತ್ತುಕೊಂಡವು. ಇದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದಾದ ಒಂದು ವಿಧಾನವನ್ನು ಇಲ್ಲಿ ವಿವರಿಸುತ್ತೇನೆ.

ಒಂದು ನೋಟುಬುಕ್ಕು, ಮೆಡಿಟರೇನಿಯನ್ ಸಮುದ್ರದ ಒಂದು ನಕ್ಷೆ, ಕೆಂಪು ಮತ್ತು ನೀಲಿ ಪೆನ್ಸಿಲ್ ಇದ್ದರೆ ಸಾಕು. ಪುಟದಲ್ಲಿ ಫಿನೀಷಿಯನ್, ಗ್ರೀಕ್, ರೋಮನ್, ರಷ್ಯನ್ ಎಂದು ನಾಲ್ಕು ಅಂಕಣಗಳನ್ನು ಎಳೆಯಿರಿ. ಪ್ರತಿ ಅಕ್ಷರದ ಆಕಾರವನ್ನು ಬರೆದು, ಅದರ ಉಚ್ಚಾರಣೆಯನ್ನು ಕನ್ನಡದಲ್ಲಿಯೇ ಗುರುತಿಸಿಕೊಳ್ಳಿ. ಹಳೆಯ ಗ್ರೀಕ್ ಭಾಷೆಯಲ್ಲಿ ಕ, ಖ, ಗ ಮೂರೂ ಬೇರೆ ಬೇರೆಯಾಗಿದ್ದವು. ಆ ಭೇದ ನಮ್ಮ ವರ್ಣಮಾಲೆಯಲ್ಲಿ ಇರುವುದರಿಂದ ಕನ್ನಡ ಓದುಗರಿಗೆ ಈ ಕೆಲಸ ಬಹಳ ಸುಲಭವಾಗುತ್ತದೆ. ಆಕಾರದ ಹೋಲಿಕೆಯನ್ನು ಮಾತ್ರ ನಂಬಬೇಡಿ. ಒಂದೇ ಆಕಾರಕ್ಕೆ ಎರಡು ಕಡೆ ಎರಡು ಧ್ವನಿಗಳಿದ್ದರೆ ಅಲ್ಲಿಯೇ ಇತಿಹಾಸ ಅಡಗಿದೆಯೆಂದು ತಿಳಿಯಿರಿ.

ಮೊದಲು ಬೀದರ್ ಹೆಸರಿನ ಇಂಗ್ಲಿಷ್ ಬರಹದ ‘ಬಿ’ ಅಕ್ಷರವನ್ನು ತೆಗೆದುಕೊಳ್ಳಿ. ಉರ್ದು ಓದಬಲ್ಲ ನೆರೆಯವರನ್ನು ಅವರ ವರ್ಣಮಾಲೆಯ ಮೊದಲೆರಡು ಅಕ್ಷರಗಳನ್ನು ಹೇಳಲು ಕೇಳಿದರೆ ‘ಅಲಿಫ್, ಬೇ’ ಎನ್ನುತ್ತಾರೆ. ಗ್ರೀಕರಲ್ಲಿ ಅವು ‘ಆಲ್ಫಾ, ಬೀಟಾ’. ಎರಡೂ ಜೋಡಿಗಳ ಮೂಲ ಒಂದೇ: ಫಿನೀಷಿಯನ್ನರ ‘ಆಲೆಫ್’ ಎಂದರೆ ಎತ್ತು, ‘ಬೇತ್’ ಎಂದರೆ ಮನೆ. ಗ್ರೀಕ್ ಭಾಷೆಯಲ್ಲಿ ಆಲ್ಫಾ, ಬೀಟಾ ಎಂಬ ಹೆಸರುಗಳಿಗೆ ಬೇರೆ ಅರ್ಥವೇ ಇಲ್ಲ. ಲಿಪಿ ಎರವಲು ಬಂದದ್ದೆಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಇತಿಹಾಸಕಾರ ಹೆರೊಡೋಟಸ್ ಸಹ ಗ್ರೀಕರು ತಮ್ಮ ಅಕ್ಷರಗಳನ್ನು ಫಿನೀಷಿಯನ್ ಎಂದು ಕರೆಯುತ್ತಿದ್ದರೆಂದು ಬರೆದಿದ್ದಾನೆ.

ಫಿನೀಷಿಯನ್ನರ 22 ಅಕ್ಷರಗಳೂ ವ್ಯಂಜನಗಳೇ ಆಗಿದ್ದವು. ಅವುಗಳಲ್ಲಿ ಗಂಟಲಿನಿಂದ ಹೊರಡುವ ಕೆಲವು ಧ್ವನಿಗಳು ಗ್ರೀಕರ ಬಾಯಲ್ಲಿ ಇರಲಿಲ್ಲವಾದ್ದರಿಂದ ಆ ಅಕ್ಷರಗಳು ಕೆಲಸವಿಲ್ಲದೆ ಉಳಿದವು, ಮತ್ತು ಗ್ರೀಕರು ಅವುಗಳನ್ನು ಸ್ವರಗಳಿಗೆ ಬಳಸಿಕೊಂಡರು. ಎತ್ತಿನ ಆಲೆಫ್ ‘ಅ’ ಆಯಿತು; ಕಣ್ಣು ಎಂಬ ಅರ್ಥದ ‘ಆಯಿನ್’ ಅದೇ ದುಂಡು ಆಕಾರದಲ್ಲಿ ‘ಒ’ ಆಯಿತು. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಇಂದಿಗೂ ಸಾಮಾನ್ಯವಾಗಿ ಬರೆಯುವುದಿಲ್ಲ. ಒಂದೇ ಬೇರಿನಿಂದ ಹೊರಟ ಎರಡು ಕವಲುಗಳ ಈ ಅಂತರವನ್ನು ನಮ್ಮ ಪೇಟೆಯ ಫಲಕಗಳಲ್ಲಿಯೇ ತೋರಿಸಿಕೊಡಬಹುದು.

ಮುಂದಿನದು ಕಲಬುರಗಿ. ಅದರ ‘ಕೆ’ ಅಂಗೈ ಎಂಬ ಅರ್ಥದ ಫಿನೀಷಿಯನ್ ‘ಕಾಫ್’, ಗ್ರೀಕ್ ‘ಕಪ್ಪಾ’ ಮೂಲಕ ನೇರವಾಗಿ ಬಂದದ್ದು. ಹಳೆಯ ಹೆಸರಾದ ಗುಲ್ಬರ್ಗಾದ ‘ಜಿ’ ಹಾಗಲ್ಲ. ಗ್ರೀಕರ ಮೂರನೆಯ ಅಕ್ಷರ ‘ಗಾಮಾ’ಕ್ಕೆ ‘ಗ’ ಧ್ವನಿ ಇತ್ತು. ಎಟ್ರುಸ್ಕನ್ ಭಾಷೆಯಲ್ಲಿ ಕ–ಗ ಭೇದ ಇರಲಿಲ್ಲ, ತಮಿಳು ಲಿಪಿಯಲ್ಲಿ ಒಂದೇ ಅಕ್ಷರ ಎರಡಕ್ಕೂ ಸಲ್ಲುವಂತೆ. ಆದ್ದರಿಂದ ಅವರ ಕೈಯಲ್ಲಿ ಗಾಮಾ ‘ಕ’ ಆಗಿ, ರೋಮನರಿಗೆ ‘ಸಿ’ ಅಕ್ಷರವಾಗಿ ತಲುಪಿತು. ರೋಮನರಿಗೆ ಎರಡೂ ಧ್ವನಿಗಳು ಬೇಕಾಗಿದ್ದವು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅವರು ‘ಸಿ’ಗೆ ಒಂದು ಗೀಟು ಸೇರಿಸಿ ‘ಜಿ’ ಮಾಡಿಕೊಂಡು, ಆಗ ತಮಗೆ ಬೇಡವಾಗಿದ್ದ ‘ಝೆಡ್’ ಅಕ್ಷರದ ಏಳನೆಯ ಸ್ಥಾನದಲ್ಲಿ ಅದನ್ನು ಕೂರಿಸಿದರು. ಈ ಒಂದು ಅಕ್ಷರದ ಕಥೆಯನ್ನು ಮಕ್ಕಳಿಗೆ ನಿಧಾನವಾಗಿ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಒಂದು ಜನದ ಉಚ್ಚಾರಣೆ ಮತ್ತೊಂದು ಜನದ ಲಿಪಿಯನ್ನು ಹೇಗೆ ತಿರುಗಿಸಿತೆಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

ಯಾದಗಿರಿಯ ‘ವೈ’ ಅಕ್ಷರಕ್ಕೆ ಪುಟದಲ್ಲಿ ಹೆಚ್ಚು ಜಾಗ ಬಿಡಿ. ಕೊಕ್ಕೆ ಎಂಬ ಅರ್ಥದ ಫಿನೀಷಿಯನ್ ‘ವಾವ್’ ಒಂದನ್ನೇ ಗ್ರೀಕರು ಎರಡಾಗಿ ಒಡೆದರು. ವ್ಯಂಜನವಾಗಿ ಆರನೆಯ ಸ್ಥಾನದಲ್ಲಿ ಉಳಿದದ್ದು ‘ಡಿಗಾಮಾ’. ಅದು ಪಶ್ಚಿಮಕ್ಕೆ ಹೋಗಿ ರೋಮನರ ‘ಎಫ್’ ಆಯಿತು. ಸ್ವರವಾಗಿ ಕೊನೆಗೆ ಸೇರಿದ್ದು ‘ಉಪ್ಸಿಲಾನ್’. ಅದರಿಂದ ರೋಮನರ ‘ವಿ’, ಮುಂದೆ ‘ಯು’ ಮತ್ತು ‘ಡಬ್ಲ್ಯು’ ಬಂದವು. ಕ್ರಿ.ಪೂ. 1ನೆಯ ಶತಮಾನದಲ್ಲಿ ಗ್ರೀಕ್ ಪದಗಳನ್ನು ಬರೆಯಲು ರೋಮನರು ಅದೇ ಉಪ್ಸಿಲಾನನ್ನು ಎರಡನೆಯ ಬಾರಿ ತಂದುಕೊಂಡರು. ಅದೇ ‘ವೈ’, ಆ ಹೊತ್ತಿಗೇ ಮರಳಿ ಬಂದ ‘ಝೆಡ್’ ಜೊತೆಗೆ ಅದು ಅಕ್ಷರಮಾಲೆಯ ತುದಿಯಲ್ಲಿ ನಿಂತಿರುವುದಕ್ಕೆ ಇದೇ ಕಾರಣ.

ಈಗ ನಕ್ಷೆಯನ್ನು ತೆರೆದು ಹುಮನಾಬಾದಿನ ‘ಎಚ್’ ಅಕ್ಷರಕ್ಕೆ ಬನ್ನಿ. 19ನೆಯ ಶತಮಾನದ ಜರ್ಮನ್ ವಿದ್ವಾಂಸ ಅಡಾಲ್ಫ್ ಕಿರ್ಖೋಫ್ ಗ್ರೀಕ್ ಸೀಮೆಗಳ ಲಿಪಿಭೇದಗಳನ್ನು ನಕ್ಷೆಯಲ್ಲಿ ಬಣ್ಣಗಳಿಂದ ಗುರುತಿಸಿದನು. ಕೆಂಪು, ನೀಲಿ, ಹಸಿರು ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಯೂಬಿಯಾ ದ್ವೀಪಕ್ಕೆ ಕೆಂಪು, ಇಂದಿನ ಟರ್ಕಿಯ ಕರಾವಳಿಯಾದ ಅಯೋನಿಯಾಕ್ಕೆ ನೀಲಿ ಬಳಿಯಿರಿ. ಯೂಬಿಯಾದವರು ಇಟಲಿಯ ನೇಪಲ್ಸ್ ಬಳಿಯ ಪಿಥೆಕೂಸಾಯಿ ದ್ವೀಪದಲ್ಲಿ ನೆಲೆಸಿದರು. ಅಲ್ಲಿ 1954ರಲ್ಲಿ ದೊರೆತ ಮಣ್ಣಿನ ಬಟ್ಟಲೊಂದರ ಮೇಲೆ ಕ್ರಿ.ಪೂ. 8ನೆಯ ಶತಮಾನದ ಮೂರು ಸಾಲುಗಳು ಬಲದಿಂದ ಎಡಕ್ಕೆ ಬರೆದಿವೆ. ಯೂಬಿಯಾದಿಂದ ಇಟಲಿಯವರೆಗೆ ಒಂದು ಕೆಂಪು ಗೆರೆ ಎಳೆಯಿರಿ. ಕೆಂಪು ಸೀಮೆಯಲ್ಲಿ ‘ಎಚ್’ ಆಕಾರಕ್ಕೆ ‘ಹ’ ಧ್ವನಿ, ‘ಎಕ್ಸ್’ ಆಕಾರಕ್ಕೆ ‘ಕ್ಸ’ ಧ್ವನಿ. ರೋಮನರಿಗೆ, ಅವರ ಮೂಲಕ ನಮಗೆ, ಬಂದದ್ದು ಇವೇ. ಅಯೋನಿಯಾದವರ ಮಾತಿನಲ್ಲಿ ಹಕಾರವೇ ಬಿದ್ದುಹೋಗಿದ್ದರಿಂದ ಅವರು ‘ಎಚ್’ ಆಕಾರವನ್ನು ದೀರ್ಘ ‘ಏ’ ಸ್ವರಕ್ಕೆ, ‘ಎಕ್ಸ್’ ಆಕಾರವನ್ನು ‘ಖ’ಕ್ಕೆ ಬಳಸಿದರು. ಕ್ರಿ.ಪೂ. 403ರಲ್ಲಿ ಅಥೆನ್ಸ್ ನಗರ ಅಯೋನಿಯಾದ ಲಿಪಿಯನ್ನು ತನ್ನ ಅಧಿಕೃತ ಲಿಪಿಯಾಗಿ ಸ್ವೀಕರಿಸಿದ ಮೇಲೆ ಗ್ರೀಕರಲ್ಲಿ ಕ್ರಮೇಣ ಅದೇ ಉಳಿಯಿತು. ರಷ್ಯನ್ ಅಂಕಣದಲ್ಲಿ ‘ಎಕ್ಸ್’ ಆಕಾರಕ್ಕೆ ‘ಖ’ವನ್ನು ಹೋಲುವ ಧ್ವನಿ, ‘ಬಿ’ ಆಕಾರಕ್ಕೆ ‘ವ’ ಧ್ವನಿ ಕಾಣುವುದು ಈ ನೀಲಿ ಕವಲಿನಿಂದಲೇ. ಬೀಟಾದ ಉಚ್ಚಾರಣೆ ಮುಂದೆ ಗ್ರೀಕರಲ್ಲಿ ‘ವ’ ಆಗಿತ್ತು.

ಹಳೆಯ ಶಾಸನಗಳ ಚಿತ್ರಗಳನ್ನು ನೋಡುವಾಗ ಅಕ್ಷರಗಳು ಹಿಂದುಮುಂದಾಗಿ ಕಂಡರೆ ಗಾಬರಿಯಾಗಬೇಡಿ. ಒಂದು ಸಾಲನ್ನು ಬಲಕ್ಕೂ ಮರುಸಾಲನ್ನು ಎಡಕ್ಕೂ ಬರೆಯುವ ರೂಢಿ ಇತ್ತು. ಗ್ರೀಕರು ಅದಕ್ಕೆ ಎತ್ತು ಹೊರಳಿದಂತೆ ಎಂಬ ಅರ್ಥದ ಹೆಸರನ್ನೇ ಬಳಸಿದರು. ಎರೆ ಹೊಲದಲ್ಲಿ ನೇಗಿಲು ಬದುವಿನ ಹತ್ತಿರ ಹೊರಳಿ ಮರಳುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ.

ಕೊನೆಯ ಹೆಜ್ಜೆಗೆ ಸನ್ನತಿಗೆ ಹೋಗಿ ಬನ್ನಿ. ಭೀಮಾ ತೀರದ ಆ ಊರಿನ ಕಾಳಿ ಗುಡಿಯಲ್ಲಿ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ 12ನೆಯ ಮತ್ತು 14ನೆಯ ಶಿಲಾಶಾಸನಗಳ ಭಾಗಗಳು ಬ್ರಾಹ್ಮಿಯಲ್ಲಿವೆ. ನಮ್ಮ ಕನ್ನಡ ಲಿಪಿ ಬ್ರಾಹ್ಮಿಯಿಂದ ಬೆಳೆದದ್ದು. ಅದನ್ನು ಗ್ರೀಕ್ ಅಂಕಣಕ್ಕೆ ಎಳೆದು ಸೇರಿಸಬಾರದು. ಆದರೆ ಪರಮತಗಳನ್ನು ಗೌರವಿಸಬೇಕೆಂದು ಹೇಳುವ ಅದೇ 12ನೆಯ ಶಾಸನದ ಕೊನೆಯ ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ, ಗ್ರೀಕ್ ಲಿಪಿಯಲ್ಲಿ ದೊರೆತಿದೆ. ಅದೇ ಕಂದಹಾರದಲ್ಲಿ 1958ರಲ್ಲಿ ಕಂಡುಬಂದ ಗ್ರೀಕ್–ಅರಾಮಿಕ್ ಶಾಸನದಲ್ಲಿ ಅಶೋಕನ ‘ಪಿಯದಸಿ’ ಎಂಬ ಪ್ರಾಕೃತ ಬಿರುದನ್ನು ‘ಪಿಯೊದಸ್ಸೇಸ್’ ಎಂದು ಕೆತ್ತಿದ್ದಾರೆ. ಅದರ ಚಿತ್ರವನ್ನು ಸಂಪಾದಿಸಿ, ಆ ಹೆಸರಿನ ಕೊನೆಯಿಂದ ಎರಡನೆಯ ಅಕ್ಷರವನ್ನು ಹುಡುಕಿ, ನೋಟುಬುಕ್ಕಿನಲ್ಲಿ ಹುಮನಾಬಾದಿನ ‘ಎಚ್’ ಎದುರಿಗೆ ಬರೆದುಕೊಳ್ಳಿ: ಅದೇ ಆಕಾರ ಅಲ್ಲಿ ‘ಏ’ ಎಂದು ನುಡಿಯುತ್ತಿದೆ.