ಮಗ್ಗುಲು ಬದಲಿಸುವ ಕೆಲಸ: ನನ್ನ ಅನುಭವ

ಹಾಸಿಗೆ ಹಿಡಿದವರ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಾನು, ಅವರನ್ನು ಎತ್ತುವ ಸಂದರ್ಭವನ್ನು ಆದಷ್ಟು ತಪ್ಪಿಸುತ್ತೇನೆ. ಎತ್ತಿದರೆ ನನ್ನ ಸೊಂಟಕ್ಕೆ ಪೆಟ್ಟು, ಎಳೆದರೆ ಅವರ ಚರ್ಮಕ್ಕೆ ಪೆಟ್ಟು. ಹೊರಳಿಸುವುದು ಮತ್ತು ಜಾರಿಸುವುದು, ಇವೆರಡರಲ್ಲೇ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ.

ಮೊದಲು ಮಂಚದ ಚಕ್ರಗಳಿಗೆ ಬ್ರೇಕ್ ಹಾಕಿ, ಎತ್ತರ ಬದಲಿಸಲು ಬರುವ ಮಂಚವಾದರೆ ಅದನ್ನು ನನ್ನ ಸೊಂಟದ ಮಟ್ಟಕ್ಕೆ ತಂದು, ಮೂತ್ರದ ನಳಿಕೆ ಎಲ್ಲಿಯೂ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಳ್ಳುತ್ತೇನೆ. ಏನು ಮಾಡಲಿದ್ದೇನೆಂಬುದನ್ನು ಮಾತು ನಿಂತುಹೋದವರಿಗೂ ಹೇಳಿಯೇ ಮುಟ್ಟುತ್ತೇನೆ; ಹೇಳದೆ ಕೈಯಿಟ್ಟರೆ ಮೈ ಬಿಗಿಯಾಗುತ್ತದೆ, ಬಿಗಿಯಾದ ಮೈಯನ್ನು ಹೊರಳಿಸುವುದು ಇಬ್ಬರಿಗೂ ಕಷ್ಟ.

ಅವರು ಯಾವ ಕಡೆ ಹೊರಳಬೇಕೋ ಆ ಕಡೆಯೇ ನಾನು ನಿಲ್ಲುತ್ತೇನೆ, ಏಕೆಂದರೆ ಆಚೆಗೆ ತಳ್ಳಿದರೆ ಮಂಚದಿಂದ ಉರುಳುವ ಅಪಾಯವಿದೆ. ನನ್ನ ಬದಿಯ ತೋಳು ಮೈಯಡಿ ಸಿಕ್ಕದಂತೆ ಸರಿಸಿ, ಆಚೆ ಬದಿಯ ಕೈಯನ್ನು ಎದೆಯ ಮೇಲೆ ತಂದು, ಆಚೆಯ ಮೊಣಕಾಲನ್ನು ಮಡಚಿ ಪಾದವನ್ನು ಹಾಸಿಗೆಗೆ ಊರಿಸುತ್ತೇನೆ. ಆಮೇಲೆ ಒಂದು ಕೈಯನ್ನು ಭುಜದ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಇಟ್ಟು, ಮೂರು ಎಣಿಸಿ ನನ್ನತ್ತ ಹೊರಳಿಸುತ್ತೇನೆ. ಮಡಚಿದ ಮೊಣಕಾಲು ಸನ್ನೆಗೋಲಿನಂತೆ ಕೆಲಸ ಮಾಡುವುದರಿಂದ ತೋಳಿನ ಬಲ ಅಷ್ಟಾಗಿ ಬೇಕಾಗುವುದಿಲ್ಲ. ಬೆನ್ನುಮೂಳೆಗೆ ಪೆಟ್ಟಾದವರಿಗೆ ಅಥವಾ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದವರಿಗೆ ಈ ಕ್ರಮ ಸಲ್ಲದು. ಅಲ್ಲಿ ವೈದ್ಯರು ಹೇಳಿದಂತೆಯೇ ನಡೆಯಬೇಕು.

ಕಾಲಕಡೆಗೆ ಜಾರಿದವರನ್ನು ಕಂಕುಳಿಗೆ ಕೈಹಾಕಿ ಮೇಲೆಳೆಯುವುದು ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ರೂಢಿ. ಪಾರ್ಶ್ವವಾಯುವಿನಿಂದ ಬಲಗುಂದಿದ ಭುಜದ ಕೀಲು ಇದರಿಂದ ಜಾರಬಹುದು. ನಾನು ಭುಜದಿಂದ ತೊಡೆಯವರೆಗೆ ಬರುವಂತೆ ಒಂದು ದಪ್ಪ ಬಟ್ಟೆಯನ್ನು ಮೈಯಡಿ ಹಾಸಿರುತ್ತೇನೆ. ಉಸಿರಾಟಕ್ಕೆ ತೊಂದರೆಯಿಲ್ಲದವರಾದರೆ ಮಂಚದ ತಲೆಭಾಗವನ್ನು ತಗ್ಗಿಸಿ, ತಲೆ ತಗಲದಂತೆ ದಿಂಬನ್ನು ಮಂಚದ ಹಲಗೆಗೆ ಒರಗಿಸಿ, ಇಬ್ಬರು ಎರಡು ಬದಿಯಿಂದ ಬಟ್ಟೆಯ ಅಂಚನ್ನು ಸುರುಳಿ ಸುತ್ತಿ ಹಿಡಿದು, ಮೊಣಕಾಲು ಬಗ್ಗಿಸಿ, ದೇಹದ ಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ಸರಿಸುತ್ತಾ ಜಾರಿಸುತ್ತೇವೆ. ಶಕ್ತಿಯಿದ್ದವರು ಗದ್ದವನ್ನು ಎದೆಗಾನಿಸಿ ಪಾದಗಳನ್ನು ಒತ್ತಿದರೆ ಅರ್ಧ ಕೆಲಸ ಅವರದೇ ಆಗುತ್ತದೆ. ಅದನ್ನು ಅವರಿಂದ ಕಸಿದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಮಗ್ಗುಲಾದ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಿ, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟು, ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ನೋಡಿಕೊಳ್ಳುತ್ತೇನೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗಲೇ ಬೆನ್ನಿನ ಕೆಳಭಾಗವನ್ನೂ ಪರೀಕ್ಷಿಸುತ್ತೇನೆ. ಬೆರಳಿನಿಂದ ಒತ್ತಿದಾಗಲೂ ಮಾಸದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಗುರುತು. ಕಪ್ಪು ಮೈಬಣ್ಣದವರಲ್ಲಿ ಅದು ಕಣ್ಣಿಗೆ ಕಾಣದಿರಬಹುದಾದ್ದರಿಂದ, ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಅನುಮಾನ ಬಂದರೆ ಆ ಮಗ್ಗುಲಿಗೆ ಮತ್ತೆ ಭಾರ ಬೀಳಲು ಬಿಡದೆ, ಅದೇ ದಿನ ನರ್ಸಿಗೋ ವೈದ್ಯರಿಗೋ ತಿಳಿಸುತ್ತೇನೆ.