ಚಿಂಗ್ ಕಾಲದ ಪ್ರಾಂತೀಯ ಪರೀಕ್ಷೆ: ಕೋಣೆಯಿಂದ ಫಲಿತಾಂಶದವರೆಗೆ

ಚೀನಾದ ಚಿಂಗ್ ಆಳ್ವಿಕೆಯಲ್ಲಿ ಪ್ರಾಂತೀಯ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಮೊದಲು ಸ್ಥಳೀಯ ಹಂತಗಳನ್ನು ದಾಟಿ ಶೆಂಗ್‌ಯುವಾನ್, ಅಂದರೆ ಅರ್ಹತೆ ಪಡೆದ ವಿದ್ಯಾರ್ಥಿ, ಆಗಿರಬೇಕಿತ್ತು. ಪರೀಕ್ಷೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ, ಎಂಟನೆಯ ಚಾಂದ್ರಮಾನ ತಿಂಗಳ 9, 12, 15ರಂದು ಮೂರು ಸುತ್ತುಗಳಲ್ಲಿ. ಹಿಂದಿನ ದಿನವೇ ಒಳಹೋಗಬೇಕು. ಬಾಗಿಲಲ್ಲಿ ಬಟ್ಟೆ, ಬುತ್ತಿ ಎಲ್ಲದರ ತಪಾಸಣೆ.

ಕುಂಚ, ಮಸಿ, ಆಹಾರ, ಹಾಸಿಗೆ, ಮೇಣದಬತ್ತಿ ತಾವೇ ಒಯ್ಯಬೇಕು. ಪ್ರತಿ ಅಭ್ಯರ್ಥಿ ಕೂರುವ ಪುಟ್ಟ ಕೋಣೆಗೆ ಬಾಗಿಲಿಲ್ಲ, ಇರುವುದು ಎರಡು ಹಲಗೆ: ಹಗಲು ಒಂದು ಮೇಜು, ಇನ್ನೊಂದು ಆಸನ, ರಾತ್ರಿ ಎರಡನ್ನೂ ಒಂದೇ ಮಟ್ಟಕ್ಕೆ ಸೇರಿಸಿದರೆ ಮಲಗುವ ಜಾಗ. ಮಳೆಗೆ ಮರೆಯಾಗಲು ಪರದೆ ಇರಲೇಬೇಕು, ಏಕೆಂದರೆ ಕಾಗದ ನೆನೆದು ಮಸಿ ಹರಡಿದರೆ ಶ್ರಮವೆಲ್ಲ ವ್ಯರ್ಥ.

ಹೆಚ್ಚು ಶಕ್ತಿಯನ್ನು ಮೊದಲ ಸುತ್ತಿಗೇ ಇಡಬೇಕು. ಕನ್‌ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳ ಸಾಲುಗಳ ಮೇಲಿನ ಎಂಟು ಭಾಗದ ಪ್ರಬಂಧಗಳು ಅಲ್ಲೇ ಬರುತ್ತಿದ್ದವು. ಸಾವಿರಾರು ಉತ್ತರಗಳ ರಾಶಿಯಲ್ಲಿ ಪರೀಕ್ಷಕರು ಬಹುಪಾಲು ಅವುಗಳಿಂದಲೇ ತೀರ್ಮಾನಕ್ಕೆ ಬರುತ್ತಿದ್ದರು. ಇದು ಈ ವ್ಯವಸ್ಥೆಯ ದೊಡ್ಡ ದೋಷ.

ಪ್ರಬಂಧ ಎಷ್ಟೇ ಚೆನ್ನಾಗಿರಲಿ, ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಹಾಗೆಯೇ ಬರೆದರೆ, ಅವನನ್ನು ಸೂಚಿಸುವ ಪದವನ್ನು ಹೊಸ ಸಾಲಿನಲ್ಲಿ ಮೇಲಕ್ಕೆತ್ತಿ ಬರೆಯದಿದ್ದರೆ, ನಡುವೆ ಪುಟ ಖಾಲಿ ಬಿಟ್ಟರೆ ಅನರ್ಹತೆ. ಹೆಸರು ಹೊರಗಿನ ಫಲಕಕ್ಕೆ ಬೀಳುತ್ತಿತ್ತು, ಮುಂದಿನ ಸುತ್ತು ಇಲ್ಲ.

ಉತ್ತರ ಒಪ್ಪಿಸಿದ ಮೇಲೆ ಹೆಸರನ್ನು ಮಡಚಿ ಮುದ್ರೆ ಹಾಕುತ್ತಿದ್ದರು. ಕಪ್ಪು ಮಸಿಯ ಮೂಲವನ್ನು ಗುಮಾಸ್ತರು ಕೆಂಪು ಮಸಿಯಲ್ಲಿ ನಕಲು ಮಾಡುತ್ತಿದ್ದರು. ಕೈಬರಹ ಗುರುತಿಸಿ ಒಲವು ತೋರದಂತೆ ಪರೀಕ್ಷಕರಿಗೆ ಹೋಗುತ್ತಿದ್ದುದು ಈ ನಕಲು ಮಾತ್ರ. ತೇರ್ಗಡೆಯಾದವರು ಜ್ಯುರೆನ್, ಮುಂದಿನ ವಸಂತದಲ್ಲಿ ಬೀಜಿಂಗ್‌ನ ಪರೀಕ್ಷೆಗೆ ಅರ್ಹರು.