ಕಲಬುರಗಿಯ ಒಣ ಬಿಸಿಲು ಮತ್ತು ಉಪ್ಪುನೀರಿನ ಮೀನು

ಕಲಬುರಗಿಯಲ್ಲಿ ಸಮುದ್ರದ ಮೀನು ಸಾಕುತ್ತಿದ್ದೇನೆ ಎಂದ ಕೂಡಲೇ ಎಲ್ಲರೂ ಕೇಳುವುದು ಬಿಸಿಲಿನ ವಿಚಾರ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿದು. ಹವಳದ ದಿಬ್ಬಗಳಲ್ಲಿ ಬದುಕುವ ಮೀನಿಗೆ ಬೇಕಾದದ್ದು 25ರಿಂದ 27 ಡಿಗ್ರಿಯ ನೀರು. ನನ್ನ ಮನೆಯಲ್ಲಿ ಎ.ಸಿ. ಇಲ್ಲ, ನೀರು ತಂಪು ಮಾಡುವ ಚಿಲ್ಲರ್ ಕೂಡ ಇಲ್ಲ. ಆದರೂ ನನ್ನ 200 ಲೀಟರ್ ತೊಟ್ಟಿ ಬೇಸಿಗೆಯಲ್ಲಿ 28 ಡಿಗ್ರಿ ಮೀರುವುದಿಲ್ಲ. ನಮ್ಮ ಬಿಸಿಲು ಒಣ ಬಿಸಿಲು ಎಂಬುದೇ ಅದಕ್ಕೆ ಕಾರಣ.

ಬೇಸಿಗೆಯಲ್ಲಿ ನಮ್ಮ ಕಡೆ ಪ್ರತಿ ಮನೆಯ ಕಿಟಕಿಯಲ್ಲೂ ಕೂಲರ್ ಗುಂಯ್ಗುಡುತ್ತದೆ; ಅದೇ ಕೂಲರ್ ಮಂಗಳೂರಿನಲ್ಲಿ ಕೆಲಸಕ್ಕೆ ಬಾರದು. ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗಿ ತಂಪು ಕೊಡುತ್ತದೆ; ತೊಟ್ಟಿಯ ಲೆಕ್ಕವೂ ಅದೇ. ಗಾಜಿನ ಮುಚ್ಚಳ ತೆಗೆದು ಸಣ್ಣ ಕಣ್ಣಿನ ಬಲೆ ಹೊದಿಸಿದ್ದೇನೆ. ನೀರಿನ ಮೇಲೆ ಓರೆಯಾಗಿ ಗಾಳಿ ಹಾಯುವಂತೆ ಕಂಪ್ಯೂಟರಿನಲ್ಲಿರುವಂಥ ಎರಡು ಸಣ್ಣ ಫ್ಯಾನುಗಳನ್ನು ಕೂರಿಸಿದ್ದೇನೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. 200 ಲೀಟರ್ ತೊಟ್ಟಿಯನ್ನು ಹತ್ತಿರ ಹತ್ತಿರ ಮೂರು ಡಿಗ್ರಿ ಇಳಿಸಲು ಅಷ್ಟು ಸಾಕು. ಕೋಣೆಯ ಗಾಳಿ ಹೊರಗೆ ಹೋಗಲು ದಾರಿ ಇರಬೇಕು. ಕಿಟಕಿ ಬಾಗಿಲು ಮುಚ್ಚಿಕೊಂಡು ಕೂಲರ್ ಹಚ್ಚಿದರೆ ತೇವ ಒಳಗೇ ತುಂಬಿಕೊಂಡು, ತೊಟ್ಟಿಯ ನೀರು ಆವಿಯಾಗುವುದು ನಿಧಾನವಾಗುತ್ತದೆ. ದೀಪದ ಶಾಖ ಮಧ್ಯಾಹ್ನದ ಬಿಸಿಲಿಗೆ ಸೇರದಿರಲೆಂದು ದೀಪಗಳನ್ನು ನಾನು ಸಂಜೆ ನಾಲ್ಕರ ಮೇಲೆ ಹಚ್ಚುತ್ತೇನೆ. ಮೀನಿಗೆ ಹಗಲು ಯಾವಾಗ ಶುರುವಾದರೂ ಸರಿ, ದಿನವೂ ಅದೇ ಹೊತ್ತಿಗೆ ಆಗಬೇಕು ಅಷ್ಟೇ. ಮಳೆಗಾಲಕ್ಕೆ ಮುಂಚಿನ ಮೋಡದ ಸೆಕೆಯ ದಿನಗಳಲ್ಲಿ ಮಾತ್ರ ಫ್ಯಾನು ಸೋಲುತ್ತದೆ. ಆಗ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು, ಬಾಟಲಿಯ ಸಮೇತ, ಫಿಲ್ಟರಿನ ತೊಟ್ಟಿಯಲ್ಲಿ ತೇಲಿಬಿಡುತ್ತೇನೆ.

ಈ ಉಪಾಯಕ್ಕೆ ಒಂದು ಬೆಲೆ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಲೀಟರ್ ಆರಿತು ಎನ್ನೋಣ. ಐದು ದಿನ ಕೈಕಟ್ಟಿ ಕುಳಿತರೆ ಸಾವಿರಕ್ಕೆ 35 ಪಾಲು ಇದ್ದ ಉಪ್ಪಿನಂಶ 39ರ ಹತ್ತಿರ ಬರುತ್ತದೆ. ಸೂಕ್ಷ್ಮ ಮೀನುಗಳು ಇಂಥ ಏರಿಳಿತವನ್ನು ತಾಳುವುದಿಲ್ಲ. ಆದ್ದರಿಂದ ಆರಿದಷ್ಟೂ ಸಿಹಿನೀರನ್ನು ಆಯಾ ದಿನವೇ ತುಂಬಬೇಕು, ಉಪ್ಪುನೀರನ್ನಲ್ಲ. ಮಟ್ಟ ಇಳಿದ ಕೂಡಲೇ ಪಕ್ಕದ ಡಬ್ಬಿಯಿಂದ ತಾನೇ ನೀರು ಎತ್ತಿಕೊಳ್ಳುವ ಸಣ್ಣ ಮೋಟಾರ್ ಜೋಡಿಸಿದ್ದೇನೆ. ಈ ಊರಿನಲ್ಲಿ ಮೀನು ಸಾಕುವವರು ಮೊದಲು ಕೊಳ್ಳಬೇಕಾದದ್ದು ಅದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದವಾದ ದೀಪ ಆಮೇಲೆ ಬರಲಿ.

ಆ ಸಿಹಿನೀರಾದರೂ ಎಂಥದ್ದು? ನಮ್ಮದು ಸುಣ್ಣಕಲ್ಲಿನ ಸೀಮೆ, ಶಹಾಬಾದ್ ಫರಸಿಯ ಸೀಮೆ. ನಮ್ಮ ಬೋರ್‌ವೆಲ್ ನೀರು ಗಡಸು; ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ದಿನವೂ ತುಂಬುತ್ತ ಹೋದರೆ ತೊಟ್ಟಿಯಲ್ಲಿ ಉಳಿಯುವುದೆಲ್ಲ ಆ ಗಸಿಯೇ. ಅಡುಗೆಮನೆಯ ಆರ್‌ಓ ಯಂತ್ರವೂ ಸಾಲದು, ಏಕೆಂದರೆ ಕುಡಿಯಲು ರುಚಿ ಇರಲೆಂದು ಅನೇಕ ಯಂತ್ರಗಳು ಒಂದಿಷ್ಟು ಲವಣವನ್ನು ಮತ್ತೆ ಬೆರೆಸುತ್ತವೆ. ಆರ್‌ಓ ಪೊರೆ ದಾಟಿದ ನೀರನ್ನು ಉಳಿದ ಲವಣ ಹೀರುವ ರಾಳದ ನಳಿಗೆಯ ಮೂಲಕ ಹಾಯಿಸಿ, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಬಳಸುತ್ತೇನೆ. ಯಂತ್ರ ಹೊರಹಾಕುವ ನೀರು ನಮ್ಮ ಮನೆಯಲ್ಲಿ ನೆಲ ಒರೆಸಲು, ಪಾತ್ರೆ ತೊಳೆಯಲು ಹೋಗುತ್ತದೆ. ಬೇಸಿಗೆಯಲ್ಲಿ ಕೊಡಕ್ಕಾಗಿ ಕಾಯುವ ಓಣಿಯಲ್ಲಿ ಅದನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪುವುದಿಲ್ಲ.

ವಾರವಾರ ಸ್ವಲ್ಪ ನೀರು ಬದಲಿಸಲು ಇದೇ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣವನ್ನು ಬೆರೆಸುತ್ತೇನೆ, ಲೀಟರಿಗೆ 35ರಿಂದ 38 ಗ್ರಾಂ. ಅಡುಗೆ ಉಪ್ಪು ನಡೆಯದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತೊಟ್ಟಿಯೊಳಗೆ ಶಹಾಬಾದ್ ಕಲ್ಲು ಜೋಡಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಗಟ್ಟಿ ಕಲ್ಲು, ಅದರಲ್ಲಿ ರಂಧ್ರಗಳಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳಿಗೆ ಮನೆಯಾಗಬೇಕಾದದ್ದು ತೂತು ತೂತಾದ ಹಗುರ ಕಲ್ಲು. ಫರಸಿ ಕಲ್ಲನ್ನು ನಾನು ತೊಟ್ಟಿಯ ಕೆಳಗೆ ಹಾಸಿದ್ದೇನೆ. ನೀರು, ಕಲ್ಲು, ಗಾಜು ಸೇರಿ ಕಾಲು ಟನ್ ಭಾರವನ್ನು ಅದು ಅಲುಗಾಡದೆ ಹೊರುತ್ತದೆ.

ಕರೆಂಟ್ ಹೋದಾಗ ಎಲ್ಲವನ್ನೂ ಇನ್ವರ್ಟರಿಗೆ ಹೇರುವುದಿಲ್ಲ. ನೀರು ಕದಡುವ ಪಂಪು ಮತ್ತು ಫ್ಯಾನು, ಇವೆರಡೇ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮೇಲ್ಮೈ ಅಲುಗದೆ ನಿಂತರೆ ಮೀನು ಉಸಿರುಕಟ್ಟುತ್ತದೆ. ಬ್ಯಾಟರಿಯ ಗಾಳಿ ಪಂಪೊಂದು ಸದಾ ಕೈಗೆಟಕುವಂತೆ ಇರುತ್ತದೆ.

ನನ್ನಲ್ಲಿರುವುದು ಒಂದು ಜೋಡಿ ಕ್ಲೌನ್ ಮೀನು ಮತ್ತು ಒಂದು ಫೈರ್‌ಫಿಶ್. ಫೈರ್‌ಫಿಶ್ ಬಲು ಅಂಜುಬುರುಕ. ಬಾಗಿಲು ಬಡಿದರೆ ಸಾಕು, ನೀರಿನಿಂದ ಹೊರಕ್ಕೆ ಚಿಮ್ಮುತ್ತದೆ. ಮೇಲಿನ ಬಲೆ ಇರುವುದು ಅದಕ್ಕಾಗಿಯೇ. ಕ್ಲೌನ್ ಮೀನುಗಳನ್ನು ಮರಿ ಮಾಡಿಸಿದ ಕಡೆಯಿಂದಲೇ ಕೊಂಡೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಹಾಗೆ ಹುಟ್ಟಿದ ಮೀನು ತೊಟ್ಟಿಯ ಆಹಾರಕ್ಕೆ ಒಗ್ಗಿರುತ್ತದೆ, ದಿಬ್ಬದಿಂದ ಒಂದು ಜೀವವನ್ನೂ ಕಿತ್ತಂತಾಗುವುದಿಲ್ಲ. ಜೀವಂತ ಹವಳ, ಸಮುದ್ರಕುದುರೆಗಳ ಗೊಡವೆಗೆ ಹೋಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವಕ್ಕಿದೆ. ಮ್ಯಾಂಡರಿನ್ ಮೀನಿನ ಬಣ್ಣ ಕಂಡು ಅನೇಕರು ಮರುಳಾಗುತ್ತಾರೆ. ಅದು ಕಲ್ಲಿನ ಸಂದಿಯ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಮೀನು. ಸಣ್ಣ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ. ದಯವಿಟ್ಟು ತರಬೇಡಿ.

ಹೊಸ ಮೀನು ಬಂದಾಗ ಅದರ ಚೀಲದ ಉಪ್ಪಿನಂಶ ಎಷ್ಟೆಂದು ಮಾರುವವರನ್ನು ಮುಂಚೆಯೇ ಕೇಳಿ, ಪ್ರತ್ಯೇಕ ತೊಟ್ಟಿಯ ನೀರನ್ನು ಅಷ್ಟಕ್ಕೇ ಹೊಂದಿಸಿ ಇಡುತ್ತೇನೆ. ದೀರ್ಘ ಪ್ರಯಾಣದಲ್ಲಿ ಚೀಲದೊಳಗೆ ಅಮೋನಿಯಾ ಕೂಡಿರುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಕೂಡಿ ನೀರಿನ ಪಿಎಚ್ ಇಳಿದಿರುವುದರಿಂದ, ಅಂದರೆ ನೀರು ಆಮ್ಲದ ಕಡೆಗೆ ವಾಲಿರುವುದರಿಂದ, ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿ, ಪಿಎಚ್ ಏರಿ, ವಿಷ ಎಚ್ಚರಗೊಳ್ಳುತ್ತದೆ. ಆದ್ದರಿಂದ ಚೀಲವನ್ನು ಮುಚ್ಚಿದ ಹಾಗೆಯೇ ತೇಲಿಸಿ ಉಷ್ಣತೆ ಸಮ ಮಾಡಿ, ಬಿಚ್ಚಿದ ಕೂಡಲೇ ಮೀನನ್ನು ದಾಟಿಸುತ್ತೇನೆ. ಬಿಳಿ ಚುಕ್ಕೆ ರೋಗ ಬಂದರೆ ಚಿಕಿತ್ಸೆಯೂ ಆ ಪ್ರತ್ಯೇಕ ತೊಟ್ಟಿಯಲ್ಲೇ, ತಾಮ್ರದ ಔಷಧಿಯಿಂದ. ಚುಕ್ಕೆ ಮಾಯವಾದರೆ ರೋಗ ಹೋಯಿತೆಂದಲ್ಲ. ಪರಾವಲಂಬಿ ಮೀನಿನಿಂದ ಕಳಚಿ ತಳದಲ್ಲಿ ಗೂಡು ಕಟ್ಟಿ ಮತ್ತೆ ಮರಿ ಬಿಡುತ್ತದೆ. ದೊಡ್ಡ ತೊಟ್ಟಿಗೆ ರೋಗ ಹೊಕ್ಕರೆ ಅದನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಡಬೇಕು.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಷ್ಟು: ಮಾರ್ಚ್‌ನಲ್ಲಿ ತೊಟ್ಟಿಗೆ ಉಪ್ಪುನೀರು, ಕಲ್ಲು ಹಾಕಿ, ಫ್ಯಾನು ಹಚ್ಚಿ, ಬ್ಯಾಕ್ಟೀರಿಯಾ ನೆಲೆಯೂರಲು ಅಮೋನಿಯಾ ಹನಿಸುತ್ತಿರಿ. ಮೇ ಮುಗಿಯುವವರೆಗೆ ದಿನವೂ ಉಷ್ಣತೆ, ಉಪ್ಪಿನಂಶ ಬರೆದಿಡಿ. ಆ ಬೇಸಿಗೆಯನ್ನು 28ರ ಒಳಗೆ ದಾಟಿದ ತೊಟ್ಟಿಗೆ ಜುಲೈ ತಿಂಗಳಲ್ಲಿ, ರಾತ್ರಿ ರೈಲಿನಲ್ಲಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೊದಲ ಮೀನು ತನ್ನಿ.